ಸ್ಲಿಪರ್ ಆರ್ಕಿಡ್ ಬೆಳೆಸುವಿಕೆ: ತಿದ್ದುಪಡಿ ಅಧಿನಿಯಮದ ನಂತರದ ಸ್ಥಿತಿ

ವನ್ಯಜೀವಿ (ಸಂರಕ್ಷಣೆ) ತಿದ್ದುಪಡಿ ಅಧಿನಿಯಮ, 2022 ದಿನಾಂಕ 01-04-2023ರಿಂದ ಜಾರಿಗೆ ಬಂದಿರುತ್ತದೆ. ಇದರ ಮೇರೆಗೆ ಮೂಲ ಅಧಿನಿಯಮದ ಆರನೇ ಅನುಸೂಚಿಯಲ್ಲಿದ್ದ ನಿರ್ದಿಷ್ಟ ಸಸ್ಯಗಳ ಪಟ್ಟಿಯನ್ನು ಮೂರನೇ ಅನುಸೂಚಿಗೆ ವರ್ಗಾಯಿಸಲಾಗಿದ್ದು, ಸಸ್ಯಗಳ ಸಂಖ್ಯೆಯನ್ನು 6ರಿಂದ 19ಕ್ಕೆ ಹೆಚ್ಚಿಸಲಾಗಿದೆ. ಬಾಬಾಬುಡನ್‌ಗಿರಿ ಬೆಟ್ಟಗಳಿಗೆ ಪ್ರವಾಸಿಗರನ್ನು ಸೆಳೆಯುವ ನೀಲಕುರಿಂಜಿಯು ಹೊಸದಾಗಿ ಸೇರ್ಪಡೆಯಾದವುಗಳಲ್ಲೊಂದು. ಪ್ಯಾಫಿಯೊಪೆಡಿಲಮ್ ಕುಲಕ್ಕೆ ಸೇರಿದ ಸ್ಲಿಪರ್ ಆರ್ಕಿಡ್‌ಗಳು ಹಿಂದಿನ ಪಟ್ಟಿಯಲ್ಲಿಯೂ ಇದ್ದವು, ಈಗಲೂ ಇವೆ. ಅನುಸೂಚಿಯ ಸಂಖ್ಯೆ ಬದಲಾದುದರಿಂದ ನಿರ್ಬಂಧ ಸಡಿಲವಾಗಿದೆ ಎಂಬ ಭಾವನೆಯಾಗಲಿ, ಎಲ್ಲ ಆರ್ಕಿಡ್‌ಗಳನ್ನೂ ಬೆಳೆಸುವುದು ನಿಷಿದ್ಧ ಎಂಬ ಭಾವನೆಯಾಗಲಿ ಸರಿಯಲ್ಲ.

ದಕ್ಷಿಣ ಭಾರತದಲ್ಲಿ ನೈಸರ್ಗಿಕವಾಗಿ ದೊರೆಯುವ ಸ್ಲಿಪರ್ ಆರ್ಕಿಡ್ ಒಂದೇ ಒಂದು. ಅದು ಪ್ಯಾಫಿಯೊಪೆಡಿಲಮ್ ಡ್ರೂರಿಯೈ. 1865ರಲ್ಲಿ ತಿರುವಾಂಕೂರಿನ ಬೆಟ್ಟಗಳಲ್ಲಿ ಇದನ್ನು ಕಂಡ ಕರ್ನಲ್ ಡ್ರೂರಿ ಎಂಬ ಅಧಿಕಾರಿಯ ಹೆಸರೇ ಇದಕ್ಕೆ ನಿಂತಿದೆ. ಹಳದಿ ದಳಗಳ ನಡುವೆ ಕಡುಕಂದು ಗೆರೆ, ಮುಂದೆ ಪಾದರಕ್ಷೆಯ ತುದಿಯನ್ನು ಹೋಲುವ ಚೀಲ, ಇವು ಹೂವಿನ ಗುರುತು. ಅಗಸ್ತ್ಯಮಲೆಯ ಶ್ರೇಣಿಯಲ್ಲಿ ಸುಮಾರು 1,400ರಿಂದ 1,500 ಮೀಟರ್ ಎತ್ತರದ ಹುಲ್ಲುಗಾವಲಿನ ಇಳಿಜಾರುಗಳಲ್ಲಿ, ಬಂಡೆಗಳ ಸಂದಿಯ ಮಣ್ಣಿನಲ್ಲಿ ಇದು ಬೆಳೆಯುತ್ತದೆ. ಕರ್ನಾಟಕದ ಕಾಡುಗಳಲ್ಲಿ ಇದು ನೈಸರ್ಗಿಕವಾಗಿಲ್ಲ. ಸಂಗ್ರಹಕಾರರು ಬುಡಸಹಿತ ಕಿತ್ತು ಸಾಗಿಸಿದ್ದರಿಂದ ಮತ್ತು ಹುಲ್ಲಿಗೆ ಬೀಳುವ ಬೆಂಕಿಯಿಂದ ಒಂದು ಹಂತದಲ್ಲಿ ಇದು ನಿರ್ನಾಮವಾಯಿತೆಂದೇ ಭಾವಿಸಲಾಗಿತ್ತು. ಈಗ ಇದು ಅತ್ಯಂತ ಅಪಾಯದ ಅಂಚಿನಲ್ಲಿರುವ ಸಸ್ಯವೆಂದು ಪರಿಗಣಿತವಾಗಿದೆ. ಕೇರಳದ ಪಾಲೋಡ್‌ನಲ್ಲಿರುವ ಜವಾಹರಲಾಲ್ ನೆಹರೂ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆಯು ಇದನ್ನು ವೃದ್ಧಿಪಡಿಸಿ ಮರಳಿ ನೆಡುವ ಕಾರ್ಯವನ್ನು ಕೈಗೊಂಡಿರುತ್ತದೆ.

ಕಾಡಿನಿಂದ ಕೀಳುವ ಆಸೆ ಏಕೆ ಹುಟ್ಟುತ್ತದೆ ಎಂಬುದನ್ನು ಸಸ್ಯದ ಸ್ವಭಾವವೇ ತಿಳಿಸುತ್ತದೆ. ಆರ್ಕಿಡ್ ಬೀಜವು ಧೂಳಿನಷ್ಟು ಸಣ್ಣದು, ಅದರಲ್ಲಿ ಮೊಳಕೆಗೆ ಬೇಕಾದ ಆಹಾರ ಸಂಗ್ರಹವಿರುವುದಿಲ್ಲ. ನಿಸರ್ಗದಲ್ಲಿ ಮಣ್ಣಿನ ಶಿಲೀಂಧ್ರವೊಂದರ ನೆರವಿಲ್ಲದೆ ಅದು ಮೊಳೆಯದು. ಪ್ರಯೋಗಾಲಯದಲ್ಲಿ ಗಾಜಿನ ಸೀಸೆಯೊಳಗೆ ಪೋಷಕ ಮಾಧ್ಯಮದ ಮೇಲೆ ಮೊಳೆಯಿಸಬಹುದಾದರೂ ಸಸಿಯು ಹೂಬಿಡಲು ಹಲವು ವರ್ಷಗಳೇ ಬೇಕು. ಸ್ಲಿಪರ್ ಆರ್ಕಿಡ್‌ಗಳನ್ನು ಇತರ ಅನೇಕ ಆರ್ಕಿಡ್‌ಗಳಂತೆ ಅಂಗಾಂಶ ಕೃಷಿಯಿಂದ ಸಾವಿರಗಟ್ಟಲೆ ತಯಾರಿಸುವುದು ಕಷ್ಟ. ಉಳಿದ ಮಾರ್ಗವೆಂದರೆ ಬೆಳೆದ ಗಿಡದ ಬುಡವನ್ನು ವಿಭಜಿಸುವುದು, ಅದೂ ನಿಧಾನ. ಇದಕ್ಕೆ ಉಬ್ಬಿದ ಕಾಂಡವಿಲ್ಲದ ಕಾರಣ ನೀರನ್ನು ಕೂಡಿಟ್ಟುಕೊಳ್ಳಲಾರದು; ಬೇರು ಒಣಗಲೂಬಾರದು, ನೀರು ನಿಲ್ಲಲೂಬಾರದು. ಬಯಲುಸೀಮೆಯ ಬೇಸಿಗೆಯಲ್ಲಿ ಇದನ್ನು ಉಳಿಸಿಕೊಳ್ಳುವುದು ಸುಲಭಸಾಧ್ಯವಲ್ಲ.

ಕಾನೂನಿನ ಸ್ಥಿತಿ ಹೀಗಿದೆ. ಮೂಲ ಅಧಿನಿಯಮಕ್ಕೆ 1991ರಲ್ಲಿ ಸೇರಿಸಲಾದ ಅಧ್ಯಾಯ 3-ಎ ಇಂದಿಗೂ ಆಧಾರ. ಪ್ರಕರಣ 17ಎ ಪ್ರಕಾರ ಅರಣ್ಯ ಭೂಮಿಯಿಂದ ನಿರ್ದಿಷ್ಟ ಸಸ್ಯವನ್ನು ಕೀಳುವಂತಿಲ್ಲ. ಅನುಸೂಚಿತ ಬುಡಕಟ್ಟಿನ ವ್ಯಕ್ತಿಯು ತಾನು ವಾಸಿಸುವ ಜಿಲ್ಲೆಯಲ್ಲಿ ಸ್ವಂತ ಬಳಕೆಗಾಗಿ ಸಂಗ್ರಹಿಸುವುದಕ್ಕೆ ಮಾತ್ರ, ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ನಿಬಂಧನೆಗಳಿಗೊಳಪಟ್ಟು, ವಿನಾಯಿತಿ ಇರುತ್ತದೆ. ಪ್ರಕರಣ 17ಸಿ ಅಡಿ ಲೈಸೆನ್ಸಿಲ್ಲದೆ ಬೆಳೆಸುವಂತಿಲ್ಲ, 17ಡಿ ಅಡಿ ಲೈಸೆನ್ಸಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ಕೊಳ್ಳುವವರಿಗೂ ಹೊಣೆಯುಂಟು: 17ಜಿ ಪ್ರಕಾರ ಲೈಸೆನ್ಸುದಾರ ವ್ಯಾಪಾರಿಯಿಂದಲ್ಲದೆ ಖರೀದಿಸತಕ್ಕದ್ದಲ್ಲ. ಉಲ್ಲಂಘನೆಗೆ 3 ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದು. ಹಿಂದೆ 25,000 ರೂ. ಇದ್ದ ದಂಡದ ಮಿತಿ ಈಗ 1,00,000 ರೂ.

ಅರ್ಜಿದಾರರು ಹೆಚ್ಚಾಗಿ ಗಮನಿಸದೆ ಬಿಡುವ ಅಂಶವೊಂದಿದೆ. ಕೃಷಿಯ ಲೈಸೆನ್ಸು ದೊರೆತರೂ ತಾಯಿಗಿಡವನ್ನು ಕಾಡಿನಿಂದ ತರುವ ಹಕ್ಕು ಅದರಿಂದ ಬರುವುದಿಲ್ಲ. ಅದಕ್ಕೆ ಪ್ರಕರಣ 17ಬಿ ಅಡಿ ಪ್ರತ್ಯೇಕ ಅನುಮತಿ ಬೇಕು. ಸಸ್ಯಾಭಿವೃದ್ಧಿಯ ಉದ್ದೇಶಕ್ಕೆ ಅದು ಕೇಂದ್ರ ಸರ್ಕಾರ ಅನುಮೋದಿಸಿದ ವ್ಯಕ್ತಿ ಅಥವಾ ಸಂಸ್ಥೆಗೆ ಮಾತ್ರ ಲಭ್ಯ. ಆದುದರಿಂದ ಗಿಡದ ಮೂಲವೇ ಇಡೀ ವ್ಯವಹಾರದ ಆಧಾರ. ಖರೀದಿಯ ರಸೀದಿ, ಮಾರಿದವರ ಲೈಸೆನ್ಸು ಸಂಖ್ಯೆ, ಆರಂಭಿಕ ದಾಸ್ತಾನು, ವಿಭಜನೆಯಿಂದ ಬಂದ ಗಿಡಗಳು, ಸತ್ತವು, ಮಾರಿದವು, ಇವೆಲ್ಲವೂ ಪುಸ್ತಕದಲ್ಲಿ ತಾಳೆಯಾಗಬೇಕು. ಹತ್ತು ಗಿಡ ಕೊಂಡವರ ಬಳಿ ಮರುವರ್ಷ ನಲವತ್ತು ಹೂಬಿಟ್ಟ ಗಿಡಗಳು ಕಂಡುಬಂದಲ್ಲಿ ಅಧಿಕಾರಿಗಳು ವಿವರಣೆ ಕೇಳುವುದು ಸಹಜ, ಏಕೆಂದರೆ ಈ ಸಸ್ಯ ಅಷ್ಟು ಬೇಗ ವೃದ್ಧಿಯಾಗದು.

ಸೈಟಿಸ್ ಒಪ್ಪಂದದ ಮೊದಲನೇ ಅನುಬಂಧದಲ್ಲಿಯೂ ಈ ಕುಲ ಇರುವುದರಿಂದ ಕಾಡಿನ ಗಿಡಗಳ ವಾಣಿಜ್ಯ ರಫ್ತು ಸಾಧ್ಯವಿಲ್ಲ. ಕೃತಕವಾಗಿ ವೃದ್ಧಿಪಡಿಸುವವರು ತಿದ್ದುಪಡಿಯಿಂದ ಸೇರಿದ ಅಧ್ಯಾಯ 5-ಬಿ ಅಡಿಯ ನೋಂದಣಿ ವಿಷಯವನ್ನೂ ಅರ್ಜಿಯ ಹಂತದಲ್ಲಿಯೇ ವಿಚಾರಿಸಿಕೊಳ್ಳುವುದು ಸೂಕ್ತ.

ನರ್ಸರಿಗಳಲ್ಲಿ 'ನೆಲ ಆರ್ಕಿಡ್' ಎಂದು ಮಾರಾಟವಾಗುವ ಸ್ಪ್ಯಾಥೊಗ್ಲಾಟಿಸ್ ಗಿಡಗಳು ಮೂರನೇ ಅನುಸೂಚಿಯಲ್ಲಿಲ್ಲ. ಮನೆಯಂಗಳದಲ್ಲಿ ಬೆಳೆಸಲು ಮೇಲ್ಕಂಡ ಲೈಸೆನ್ಸು ಬೇಕಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ಹುಲ್ಲುಗಾವಲುಗಳಲ್ಲಿ ಹೂಬಿಡುವ ಹ್ಯಾಬೆನೇರಿಯಾ ಜಾತಿಯ ಗಿಡಗಳ ವಿಷಯ ಬೇರೆ. ಅಭಯಾರಣ್ಯದೊಳಗಿನ ಯಾವುದೇ ಸಸ್ಯವನ್ನು ಅನುಮತಿಯಿಲ್ಲದೆ ತೆಗೆಯುವಂತಿಲ್ಲ, ಮೀಸಲು ಅರಣ್ಯಕ್ಕೆ ಕರ್ನಾಟಕ ಅರಣ್ಯ ಅಧಿನಿಯಮ, 1963 ಅನ್ವಯಿಸುತ್ತದೆ.

ಲೈಸೆನ್ಸು ನೀಡುವ ಅಧಿಕಾರವು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ರಾಜ್ಯ ಸರ್ಕಾರವು ಅಧಿಕಾರ ನೀಡಿದ ಅಧಿಕಾರಿಗೆ ಇರುತ್ತದೆ. ರಾಜ್ಯದಲ್ಲಿ ಸದರಿ ಪರಿಪಾಲಕರ ಕಚೇರಿಯು ಬೆಂಗಳೂರಿನ ಮಲ್ಲೇಶ್ವರಂನ ಅರಣ್ಯ ಭವನದಲ್ಲಿದೆ. ಗಿಡ ಖರೀದಿಸುವುದಕ್ಕೆ ಮುಂಚೆಯೇ ಅರ್ಜಿ ಸಲ್ಲಿಸತಕ್ಕದ್ದು.