ಧಣಿ ಕಟ್ಟಿಸಿದ ಊರು

ಹಾಸ್ಟೆಲಿನ ನಲ್ಲಿ ಕೆಟ್ಟಿದೆ, ಅನ್ನದಲ್ಲಿ ಹುಳ ಇದೆ ಅಂತ ಬಾಯಿಬಿಟ್ಟರೆ ಬರುವ ಉತ್ತರ ನಮಗೆಲ್ಲ ಗೊತ್ತು. 'ಬಿಟ್ಟಿ ಕೂಳು, ಬಿಟ್ಟಿ ಸೂರು ಕೊಟ್ಟಿದ್ದೀವಿ, ಇನ್ನೇನಯ್ಯಾ ನಿಂದು?' ಈ ಮಾತು ಇವತ್ತಿನದಲ್ಲ, ನಮ್ಮ ದೇಶದ್ದೊಂದೇ ಅಲ್ಲ. ಅಮೆರಿಕದ ಒಂದು ರೈಲ್ವೆ ಊರಿನ ಕತೆ ಕೇಳಿ.

ಊರಿನ ಹೆಸರು ಪುಲ್ಮನ್. ಜಾರ್ಜ್ ಪುಲ್ಮನ್ ಎಂಬ ಧಣಿ 1880ರಲ್ಲಿ ಶಿಕಾಗೋದ ದಕ್ಷಿಣಕ್ಕೆ ತನ್ನ ರೈಲುಡಬ್ಬಿ ಕಾರ್ಖಾನೆಯ ಸುತ್ತ ಇದನ್ನು ಕಟ್ಟಿಸತೊಡಗಿದ. ಇಟ್ಟಿಗೆ ಮನೆ, ನಲ್ಲಿ ನೀರು, ಪಾರ್ಕು, ಲೈಬ್ರರಿ. ನೋಡಿದವರು ಭಲೇ ಅಂದರು. ಆದರೆ ಒಂದು ಮನೆಯೂ ಕೂಲಿಗಾರನದಲ್ಲ. ಲೈಬ್ರರಿಗೂ ಕಾಸು ಕೊಡಬೇಕು. ಊರು ನೋಡಿಕೊಳ್ಳೋಕೆ ಜನ ಆರಿಸಿದ ಸಭೆ ಇಲ್ಲ, ಕಂಪನಿ ನೇಮಿಸಿದ ಏಜೆಂಟ. 1889ರಲ್ಲಿ ಆ ಪ್ರದೇಶ ಶಿಕಾಗೋ ನಗರಕ್ಕೆ ಸೇರಿತು. ಓಟು ನಗರಕ್ಕೆ, ಮನೆಯ ಕೀಲಿಕೈ ಮಾತ್ರ ಧಣಿಗೆ!

1893ರಲ್ಲಿ ಮುಗ್ಗಟ್ಟು ಬಂತು. ಕೂಲಿಯಲ್ಲಿ ಸರಾಸರಿ ಕಾಲುಭಾಗ ಕಿತ್ತುಕೊಂಡರು. ಬಾಡಿಗೆ ಒಂದು ಕಾಸೂ ಇಳಿಯಲಿಲ್ಲ. ಕೂಲಿಯ ಲೆಕ್ಕ ಬೇರೆ, ಬಾಡಿಗೆಯ ಲೆಕ್ಕ ಬೇರೆ ಅಂತ ಧಣಿಯ ವಾದ. ಷೇರುದಾರರಿಗೆ ಲಾಭಾಂಶ ಮಾತ್ರ ನಿಲ್ಲಲಿಲ್ಲ. 1894ರ ಮೇ 11ರಂದು ಕೆಲಸ ನಿಂತಿತು. ಯೂಜಿನ್ ಡೆಬ್ಸ್ ಮುಂದಾಳಾಗಿದ್ದ ಅಮೆರಿಕನ್ ರೈಲ್ವೆ ಯೂನಿಯನ್ ಪುಲ್ಮನ್ ಡಬ್ಬಿ ಮುಟ್ಟೋದಿಲ್ಲ ಅಂದಿತು. ರೈಲುಗಳು ನಿಂತವು. ಅಧ್ಯಕ್ಷ ಕ್ಲೀವ್‌ಲೆಂಡ್ ಸೈನ್ಯ ಕಳಿಸಿದ. ಮುಷ್ಕರ ಮುರಿಯಿತು, ಡೆಬ್ಸ್ ಜೈಲಿಗೆ ಹೋದ. ಆದರೂ 1898ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟು, ಕಾರ್ಖಾನೆಗೆ ಬೇಡದ ಮನೆಮಠವನ್ನೆಲ್ಲ ಕಂಪನಿ ಮಾರಬೇಕು ಅಂತ ತೀರ್ಪು ಕೊಟ್ಟಿತು.

ಕತೆ ಇಲ್ಲಿಗೆ ಮುಗಿಸಿದರೆ ಅದು ಅರ್ಧ ಸುಳ್ಳು. ಪುಲ್ಮನ್ ಡಬ್ಬಿಗಳಲ್ಲಿ ಹಾಸಿಗೆ ಹಾಸಿ, ಬೂಟು ಒರೆಸುತ್ತಿದ್ದ ಪೋರ್ಟರುಗಳು ಕರಿಯರು. ಪ್ರಯಾಣಿಕರು ಅವರ ಸ್ವಂತ ಹೆಸರನ್ನೂ ಕೇಳುತ್ತಿರಲಿಲ್ಲ, ಎಲ್ಲರನ್ನೂ 'ಜಾರ್ಜ್' ಅಂತ ಧಣಿಯ ಹೆಸರಿನಿಂದಲೇ ಕೂಗುತ್ತಿದ್ದರು. ಅದೇ 1894ರ ಜೂನ್‌ನಲ್ಲಿ, ಡೆಬ್ಸ್ ಬೇಡವೆಂದರೂ ಕೇಳದೆ, ಕರಿಯರಿಗೆ ಯೂನಿಯನ್ನಿನಲ್ಲಿ ಜಾಗವಿಲ್ಲ ಅಂತ ಪ್ರತಿನಿಧಿಗಳು ಮತ ಹಾಕಿದರು. ಧಣಿಯ ವಿರುದ್ಧ ಎದ್ದವರೇ ತಮ್ಮ ಬಾಗಿಲು ಹಾಕಿಕೊಂಡರು. ಪೋರ್ಟರುಗಳು ಎ. ಫಿಲಿಪ್ ರಾಂಡಾಲ್ಫ್ ಜೊತೆ 1925ರಲ್ಲಿ ತಮ್ಮದೇ ಸಂಘ ಕಟ್ಟಿದರು. ಹನ್ನೆರಡು ವರ್ಷ ಹೋರಾಡಿ 1937ರಲ್ಲಿ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು.

ಮರುವರ್ಷ, 1938ರ ಫೆಬ್ರವರಿಯಲ್ಲಿ, ನಮ್ಮ ನೆಲದ ರೈಲ್ವೆ ಊರು ಮನ್ಮಾಡಿನಲ್ಲಿ ಬಾಬಾಸಾಹೇಬರು ದಲಿತ ರೈಲ್ವೆ ಕೂಲಿಗಾರರ ಮುಂದೆ ನಿಂತರು. ಕೂಲಿಗಾರನಿಗೆ ಇಬ್ಬರು ಶತ್ರುಗಳು, ಬ್ರಾಹ್ಮಣ್ಯ ಮತ್ತು ಬಂಡವಾಳಶಾಹಿ ಅಂದರು. ಅವರು ಪುಲ್ಮನ್ನಿನ ಮಾತೆತ್ತಬೇಕಾಗಿರಲಿಲ್ಲ. ಗ್ಯಾಂಗ್‌ಮನ್ ಕೆಲಸಕ್ಕೆ ನಾವು ಬೇಕು, ಸ್ಟೇಷನ್ ಮಾಸ್ತರನ ಮನೆಯೊಳಗೂ ಕಾಲಿಡಬೇಕಾದ ಪೋರ್ಟರ್ ಕೆಲಸಕ್ಕೆ ನಾವು ಬೇಡ. ಕೇಳುತ್ತಿದ್ದವರಿಗೆ ಈ ಪಾಠ ದಿನಾ ಆಗುತ್ತಿತ್ತು.

ಗೆಳೆಯರೇ, ಸೂರು ಕೊಟ್ಟವನು ನಾಲಿಗೆ ಕೇಳುತ್ತಾನೆ. ಕೊಡಬೇಡಿ. ಹಾಸ್ಟೆಲು ಯಾರಪ್ಪನ ದಾನವೂ ಅಲ್ಲ, ಅದು ನಮ್ಮ ಹಕ್ಕು. ಅಕ್ಕಿಯ ಲೆಕ್ಕ ಕೇಳಿ, ಊರಿನ ಪುರಸಭೆಗೆ ಹೋಗಿ ಕೇರಿಯ ನೀರಿನ ಲೆಕ್ಕವನ್ನೂ ಕೇಳಿ. ಕೇಳುವ ಮುಂಚೆ ಒಮ್ಮೆ ಹಿಂತಿರುಗಿ ನೋಡಿ: ನಮ್ಮ ಸಂಘದ ಬಾಗಿಲಾಚೆ ಯಾರಾದರೂ ನಿಂತಿದ್ದಾರಾ? ಹೆಣ್ಣುಮಕ್ಕಳ ಹಾಸ್ಟೆಲಿನವರನ್ನು ಕರೆದಿದ್ದೀವಾ? ನಮಗಿಂತ ಕೆಳಗಿನವರು ಅಂತ ನಾವೇ ಅಂದುಕೊಂಡವರನ್ನು?

ಮೊದಲು ಆ ಬಾಗಿಲು ತೆಗೆಯೋಣ.