ಕಪ್ಪು ಪೇಪರ್ ಬೇಡ, ಬಿಸಿಲು ತಡೆಯೋ ಗಾಜು ಬೇಕು

ಬೇಸಿಗೆ ಬಂತು ಅಂದ್ರೆ ನಮ್ಮ ಕಡೆ ಟಾಟಾ ಏಸ್, ಪಿಕಪ್ ಗಾಡಿಗಳಿಗೆ ಕಪ್ಪು ಕೂಲಿಂಗ್ ಪೇಪರ್ ಅಂಟಿಸೋದು ಶುರು. ಕೋಲಾರ ಮಾರ್ಕೆಟ್‌ನಲ್ಲಿ ಟೊಮೆಟೊ ಇಳಿಸಿ ಉರಿಬಿಸಿಲಲ್ಲಿ ವಾಪಸ್ ಬರೋ ಡ್ರೈವರ್‌ಗಳ ಬಲಗೈ ನೋಡಿ, ಎಡಗೈಗಿಂತ ಕಂದಿರುತ್ತೆ. ಮರೆ ಬೇಕು ಅನ್ನೋದು ಶೋಕಿ ಅಲ್ಲ. ಆದ್ರೆ ಕಪ್ಪು ಪೇಪರ್ ಅದಕ್ಕೆ ಮದ್ದಲ್ಲ.

ಬಿಸಿಲಿನ ಶಾಖದಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣದ್ದು. ಅಗ್ಗದ ಕಪ್ಪು ಪೇಪರ್ ಬೆಳಕನ್ನ ತಡೆದು ತಾನೇ ಕಾಯುತ್ತೆ, ಆ ಬಿಸಿ ಸ್ವಲ್ಪ ಒಳಗೂ ಬರುತ್ತೆ. ಚರ್ಮ ಸುಡೋ, ಸೀಟು ಹಾಳುಮಾಡೋ ಯು.ವಿ. ಕಿರಣ ತಡೆಯೋಕೆ ಕಪ್ಪು ಬಣ್ಣವೇ ಬೇಕಿಲ್ಲ, ಒಳ್ಳೆ ತಿಳಿ ಫಿಲ್ಮ್ ಸಾಕು. ಎರಡು ಪದರದ ಮುಂದಿನ ಗಾಜು ಯು.ವಿ.ಯನ್ನ ಬಹುಪಾಲು ತಡೆಯುತ್ತೆ. ಪಕ್ಕದ ಒಂಟಿ ಗಾಜು ಅಷ್ಟು ತಡೆಯಲ್ಲ, ಕೈ ಕಂದೋದು ಅದಕ್ಕೇ.

ಇನ್ನು ಕಾನೂನು. ಮುಂದಿನ, ಹಿಂದಿನ ಗಾಜಲ್ಲಿ ಕನಿಷ್ಠ 70%, ಪಕ್ಕದ ಗಾಜಲ್ಲಿ 50% ಬೆಳಕು ಒಳಗೆ ಬರಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಫಿಲ್ಮ್ ಅಂಟಿಸೋದೇ ಬೇಡ ಅಂತು. ಆಮೇಲೆ ನಿಯಮ ತಿದ್ದುಪಡಿ ಆಯ್ತು. ಈ ಅಳತೆ ಒಳಗಿದ್ರೆ ಫಿಲ್ಮ್ ಹಾಕಬಹುದು ಅಂತ 2024ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಆದ್ರೂ ಅಂಗಡಿಯವರು "50 ಪರ್ಸೆಂಟ್ ಪೇಪರ್ ಅಣ್ಣಾ, ಏನೂ ಆಗಲ್ಲ" ಅಂದ್ರೆ ನಂಬಬೇಡಿ. ಗಾಜೇ 80% ಬೆಳಕು ಬಿಡೋದಾದ್ರೆ, ಅದರ ಮೇಲೆ 50ರ ಪೇಪರ್ ಬಿದ್ರೆ ಉಳಿಯೋದು 40 ಮಾತ್ರ.

ನನಗೆ ದಂಡಕ್ಕಿಂತ ಹೆಚ್ಚು ಭಯ ಮುಸ್ಸಂಜೆದು. ಹೊಲದ ದಾರಿಯಿಂದ ರೋಡಿಗೆ ಬರೋ ಹಸು, ಸೈಕಲ್ ಮೇಲಿನ ಹುಡುಗ, ಕಪ್ಪು ಗಾಜಲ್ಲಿ ಕಾಣಲ್ಲ.

ಸರ್ಕಾರ 2025ರ ಅಕ್ಟೋಬರ್ 1ರಿಂದ ತಯಾರಾಗೋ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯ ಮಾಡಿದೆ, ಒಳ್ಳೇದು. ಆದ್ರೆ ಆ ನಿಯಮ ಒಟ್ಟು ತೂಕ ಮೂರೂವರೆ ಟನ್ ದಾಟಿದ ಗಾಡಿಗೆ. ನಮ್ಮ ಚೋಟಾ ಹಾಥಿ ಡ್ರೈವರ್‌ಗೆ ಬಿಸಿಲು ಕಡಿಮೆನಾ? ಎ.ಸಿ. ಕೊಡೋಕಾಗದಿದ್ರೆ ಶಾಖ, ಯು.ವಿ. ತಡೆಯೋ ಗಾಜನ್ನಾದ್ರೂ ಕಂಪನಿಯಿಂದಲೇ ಹಾಕಿ ಕೊಡಲಿ. ಹೊಸ ಗಾಡಿ ಬುಕ್ ಮಾಡೋರು ಶೋರೂಮಲ್ಲಿ ಇದನ್ನ ಬಾಯಿಬಿಟ್ಟು ಕೇಳಿ. ನಾಲ್ಕು ಜನ ಕೇಳಿದ್ರೆ ತಾನೇ ಮೇಲೆ ಸುದ್ದಿ ಹೋಗೋದು.

ಅಲ್ಲಿವರೆಗೆ ಕಿಟಕಿ ಕಡೆ ಕೈಗೆ ತೋಳುಚೀಲ ಹಾಕ್ಕೊಳ್ಳಿ. ಗಾಡಿನ ನೆರಳಲ್ಲಿ ನಿಲ್ಲಿಸಿ, ನಿಂತಾಗ ಮುಂದಿನ ಗಾಜಿಗೆ ರಟ್ಟು ಇಡಿ. ಬಿತ್ತನೆ ಬೀಜ, ಔಷಧಿ ಬಾಟಲಿನ ಕ್ಯಾಬಿನ್‌ನಲ್ಲಿ ಬಿಟ್ಟು ಹೋಗಬೇಡಿ. ಕಾದ ಬೀಜದ ಮೊಳಕೆ ಕಮ್ಮಿ ಆಗುತ್ತೆ.