‘ಗರ್ಮ್ ಹವಾ’ ಮತ್ತು ಬಾಡಿಗೆ ಮನೆ

ಮೈಸೂರಿನ ಎಂ.ಎಸ್. ಸತ್ಯು ಅವರ ಮಾತು ಬಂದಾಗಲೆಲ್ಲ ನಮ್ಮ ಭಾಷಣಕಾರರು ಅವರ ‘ಗರ್ಮ್ ಹವಾ’ವನ್ನು ಕೋಮು ಸೌಹಾರ್ದದ ಚಿತ್ರವೆಂದು ಹೊಗಳಿ ಕೈತೊಳೆದುಕೊಳ್ಳುತ್ತಾರೆ. ಇಪ್ಟಾದ ರಂಗಭೂಮಿಯಲ್ಲಿ ಪಳಗಿದ ಸತ್ಯು ಅದರಲ್ಲಿ ಸೌಹಾರ್ದದ ಉಪದೇಶ ಮಾಡಿಲ್ಲ. ದೇಶ ವಿಭಜನೆಯ ನಂತರವೂ ಆಗ್ರಾದಲ್ಲೇ ಉಳಿಯಬಯಸಿದ ಬೂಟು ತಯಾರಕ ಸಲೀಂ ಮಿರ್ಜಾಗೆ ಬ್ಯಾಂಕು ಸಾಲ ಕೊಡುವುದಿಲ್ಲ; ಬಾಡಿಗೆ ಮನೆಗಾಗಿ ಆತ ಬೀದಿ ಬೀದಿ ಅಲೆಯುತ್ತಾನೆ. ಇಷ್ಟನ್ನು ತೋರಿಸಿದ್ದಕ್ಕೇ ಸೆನ್ಸಾರಿನವರು ಚಿತ್ರವನ್ನು ತಿಂಗಳುಗಟ್ಟಲೆ ತಡೆಹಿಡಿದರು. ಶಾಂತಿ ಕದಡುತ್ತದಂತೆ! ಮಿರ್ಜಾ ಪಾತ್ರಧಾರಿ ಬಲರಾಜ್ ಸಾಹ್ನಿ ಬಿಡುಗಡೆಗೆ ಮೊದಲೇ, 1973ರಲ್ಲಿ, ತೀರಿಕೊಂಡರು. 1974ರಲ್ಲಿ ಚಿತ್ರ ಬೆಂಗಳೂರಿನಲ್ಲಿ ತೆರೆಕಂಡಾಗ ಯಾವ ಶಾಂತಿಯೂ ಕದಡಲಿಲ್ಲ. ಸರಕಾರವೇ ಅದಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಕೊಟ್ಟಿತು. ಅದೇ ಬೆಂಗಳೂರಿನಲ್ಲಿ ಮುಸ್ಲಿಮ್ ಹೆಸರು ಕಿವಿಗೆ ಬಿದ್ದೊಡನೆ ‘ಮನೆ ಆಗಲೇ ಕೊಟ್ಟಾಯ್ತು’ ಎನ್ನುವ ಮಾಲಕರು ಇಂದಿಗೂ ಇದ್ದಾರೆ. ಸತ್ಯು ಅವರಿಗೆ ಶಾಲು ಹೊದಿಸುವವರು ಈ ಮಾಲಕರ ಬಗ್ಗೆ ಏನು ಹೇಳುತ್ತಾರೆ?